ತಿಳಿನೀರಿನ ಅರಸನಿಗೆ ಗಾಳ

ಶಿಗ್ಗಾಂವ ತಾಲೂಕಿನ ಬಂಕಾಪುರದ ಹಳೆಯ ಕೋಟೆಯಲ್ಲಿ ಈಗ ನವಿಲುಗಳದೇ ಸಂಸಾರ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಹೆಸರುವಾಸಿಯಾಗಿದ್ದ ಆ ಪಟ್ಟಣದ ವೈಭವವನ್ನು ನಗರೇಶ್ವರ ದೇಗುಲದ ಕಂಬಗಳ ಸಾಲು ಇಂದಿಗೂ ಮೌನವಾಗಿ ಸಾರುತ್ತ ನಿಂತಿದೆ. ಕಲ್ಲು ನೋಡಲು ಬಂದವರು ಕಲ್ಲು ನೋಡಿ ಹೋಗುತ್ತಾರೆ. ಮಕ್ಕಳು ಉದುರಿದ ನವಿಲುಗರಿ ಸಿಕ್ಕೀತೇ ಎಂದು ಪೊದೆಗಳ ಬುಡದಲ್ಲಿ ಹುಡುಕುತ್ತಾರೆ. ಈ ನಾಡನ್ನು ಒಂದು ಕಾಲಕ್ಕೆ ಆಳಿದ ಅರಸನೊಬ್ಬನು ಗಾಳ ಹಾಕಿ ಮೀನು ಹಿಡಿಯುವ ಕಲೆಯನ್ನು ಕುರಿತು ಶಾಸ್ತ್ರವನ್ನೇ ಬರೆದನೆಂದೂ, ಹಾಗೆ ಹುಡುಕುವ ಗರಿಯ ಎಳೆಯನ್ನೇ ಕೊಕ್ಕೆಗೆ ಸುತ್ತಿ ಲೋಕದ ಬೇರೆ ಬೇರೆ ನದಿಗಳಲ್ಲಿ ಇಂದಿಗೂ ಮೀನು ಹಿಡಿಯುವರೆಂದೂ ಹೇಳಿದರೆ ಅವರಲ್ಲಿ ಅನೇಕರಿಗೆ ಸೋಜಿಗವಾದೀತು.

ಆ ಅರಸನು ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗ; ಭೂಲೋಕಮಲ್ಲನೆಂಬುದು ಅವನ ಬಿರುದು, ಸರ್ವಜ್ಞ ಚಕ್ರವರ್ತಿ ಎಂಬುದು ಪಂಡಿತರು ಕೊಟ್ಟ ಮನ್ನಣೆ. ೧೨ನೆಯ ಶತಮಾನದ ಎರಡನೆಯ ಪಾದದಲ್ಲಿ, ಸುಮಾರು ೧೧೩೦ರ ಹೊತ್ತಿಗೆ, ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳ, ನೂರು ಅಧ್ಯಾಯಗಳ ಮಹಾಗ್ರಂಥ. ರಾಜನೀತಿ, ವಾಸ್ತು, ಸಂಗೀತ, ಅಡುಗೆ, ಆನೆ ಕುದುರೆ, ಎಲ್ಲಕ್ಕೂ ಅದರಲ್ಲಿ ಎಡೆಯುಂಟು. ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ವೆಂಬುದೂ ಒಂದು.

ರಾಜನೊಬ್ಬನ ವಿನೋದ

ಮೀನು ಹಿಡಿಯುವುದು ಹೊಟ್ಟೆಪಾಡಿನ ಕೆಲಸವೆಂದೇ ಜನ ಬಗೆದಿದ್ದ ಕಾಲದಲ್ಲಿ ಚಕ್ರವರ್ತಿಯೊಬ್ಬನು ಅದನ್ನು ಮನಸ್ಸಿನ ಉಲ್ಲಾಸಕ್ಕೆ ಒದಗುವ ವಿದ್ಯೆಯೆಂದು ಎಣಿಸಿದುದೇ ಒಂದು ವಿಶೇಷ. ಸೋಮೇಶ್ವರನು ಸುಮಾರು ೩೫ ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಸಮುದ್ರದವು ಯಾವುವು, ಸಿಹಿನೀರಿನವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು ಪ್ರಿಯ, ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಕೊಕ್ಕೆ ಹೇಗಿರಬೇಕು ಎಂಬ ವಿವರಗಳೂ ಅಲ್ಲಿವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯವನ್ನು ಕುರಿತು ಲೇಖನ ಬರೆದ ಮೇಲೆ ಅದು ವಿಜ್ಞಾನಿಗಳ ಗಮನಕ್ಕೂ ಬಂದಿತು.

ಕಾಲವನ್ನು ಹೋಲಿಸಿ ನೋಡಿದರೆ ಈ ಬರೆಹದ ಬೆಲೆ ಇನ್ನಷ್ಟು ಸ್ಪಷ್ಟವಾಗುವುದು. ಗಾಳದ ವಿನೋದಕ್ಕೆ ತವರುಮನೆಯೆಂದು ಹೇಳಿಕೊಳ್ಳುವ ಇಂಗ್ಲೆಂಡಿನಲ್ಲಿ ಆ ವಿಷಯದ ಮೊದಲ ಪುಸ್ತಕ ಅಚ್ಚಾದುದು ೧೪೯೬ರಲ್ಲಿ. ಐಸಾಕ್ ವಾಲ್ಟನ್ನನ ಜಗತ್ಪ್ರಸಿದ್ಧ ಗ್ರಂಥ ಹೊರಬಂದುದು ೧೬೫೩ರಲ್ಲಿ. ಅಂದರೆ ವಾಲ್ಟನ್ನನು ಹೊಳೆಯ ದಡದಲ್ಲಿ ಕುಳಿತು ಚಿಂತಿಸುವುದಕ್ಕೆ ಐದುನೂರು ವರ್ಷ ಮೊದಲೇ ಕನ್ನಡ ದೊರೆಯೊಬ್ಬನು ಕೋಲು ಹಿಡಿದು ಕುಳಿತಿದ್ದನು. ಮೀನಿನ ಸ್ವಭಾವವನ್ನು ಅರಿಯದೆ ಗಾಳ ಹಾಕುವುದು ವ್ಯರ್ಥವೆಂಬ ಮಾತು ಇಬ್ಬರ ಪುಸ್ತಕಕ್ಕೂ ಒಪ್ಪುವಂಥದು.

ನೊಣವೆಂಬ ಹುಸಿ

ವರದೆಯ ದಂಡೆಯ ಮೇಲೆ ಬಿದಿರು ಗಳಕ್ಕೆ ದಾರ ಕಟ್ಟಿ, ಕೊಕ್ಕೆಗೆ ಎರೆಹುಳು ಚುಚ್ಚಿ, ಬೆಂಡು ಮುಳುಗುವುದನ್ನೇ ಕಾಯುತ್ತ ಕೂಡುವ ಹುಡುಗನನ್ನು ಹಾನಗಲ್ಲು, ಸವಣೂರು ಕಡೆಯವರೆಲ್ಲ ಕಂಡಿದ್ದಾರೆ. ಹಿರೇಕೆರೂರು ಸೀಮೆಯಲ್ಲಿ ಕುಮುದ್ವತಿಗೆ ಅಡ್ಡವಾಗಿ ಗುಡ್ಡಗಳ ನಡುವೆ ಕಟ್ಟಿದ ಮದಗ ಮಾಸೂರು ಕೆರೆಯ ಏರಿಯ ಮೇಲೂ ಈ ನೋಟ ಅಪರೂಪವಲ್ಲ. ನೀರು ಕದಡಿರುವಾಗ ಈ ಉಪಾಯ ಸಾಕು. ಮೀನಿಗೆ ಮೂಗಿನ ಬಲವೇ ಬಲ. ವಾಸನೆ ಹಿಡಿದು ಬರುತ್ತದೆ, ನುಂಗುತ್ತದೆ.

ಆದರೆ ಕಲ್ಲುಹಾಸಿನ ಮೇಲೆ ಹರಿಯುವ ತಿಳಿನೀರಿನ ಹೊಳೆಯಲ್ಲಿ ಆಟವೇ ಬೇರೆ. ಅಲ್ಲಿನ ಮೀನು ಕಣ್ಣಿನಿಂದ ಬೇಟೆಯಾಡುವುದು; ಕಣ್ಣಿನಿಂದಲೇ ಹಗೆಯನ್ನೂ ಗುರುತಿಸುವುದು. ನೀರಿನ ಮೇಲೆ ತೇಲಿಬರುವ ಸಣ್ಣ ನೊಣಗಳನ್ನು ಮೇಲೆದ್ದು ಹಿಡಿಯುವ ಇಂತಹ ಮೀನಿಗಾಗಿಯೇ ಮನುಷ್ಯನು ಹುಸಿನೊಣವನ್ನು ಹುಟ್ಟಿಸಿದನು. ಕ್ರಿಸ್ತಶಕ ೨೦೦ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ರೋಮನ್ ಲೇಖಕನು, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ ಎರಡು ಗರಿಗಳನ್ನು ಕಟ್ಟಿ ಚುಕ್ಕೆಮೀನುಗಳನ್ನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ. ಅಂದಿನಿಂದ ಇಂದಿನವರೆಗೆ ಈ ಕೈಗಾರಿಕೆಯಲ್ಲಿ ಗರಿ, ರೇಷ್ಮೆ, ಕೂದಲುಗಳೇ ಮುಖ್ಯ ಸಾಮಗ್ರಿ. ನವಿಲುಗರಿಯ ಎಳೆಯನ್ನು ಸುತ್ತಿದರೆ ಹುಳುವಿನ ಮೈಯ ಹೊಳಪು ತಾನಾಗಿ ಬರುವುದರಿಂದ ಹುಸಿನೊಣ ಕಟ್ಟುವವರಿಗೆ ಅದು ಬಹು ಅಚ್ಚುಮೆಚ್ಚು.

ಈ ನೊಣಕ್ಕೆ ತೂಕವೆಂಬುದಿಲ್ಲ; ಊದಿದರೆ ಹಾರೀತು. ಅದನ್ನು ಹತ್ತು ಹದಿನೈದು ಮಾರು ದೂರಕ್ಕೆ ಎಸೆಯುವುದು ಹೇಗೆ? ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಹುಸಿನೊಣದ ಗಾಳದಲ್ಲಿ ಹಾಗಲ್ಲ. ದಪ್ಪನಾದ ದಾರಕ್ಕೇ ಭಾರವಿರುವುದು. ಬಳುಕುವ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರವು ಚಾವಟಿಯಂತೆ ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಸಾಗಿ, ತುದಿಯ ಸಣ್ಣ ಎಳೆಯ ಕೊನೆಯಲ್ಲಿರುವ ನೊಣವನ್ನು ನೀರಿನ ಮೇಲೆ ಹೂ ಇಟ್ಟಂತೆ ಇಳಿಸಬೇಕು. ದಾರ ಧೊಪ್ಪನೆ ಬಿದ್ದಿತೋ, ಮೀನು ಮಾಯ. ನೊಣವು ಹೊಳೆಯ ಸೆಳೆತಕ್ಕಿಂತ ಬೇಗನೆಯೋ ನಿಧಾನವಾಗಿಯೋ ಸರಿಯಿತೋ, ಆಗಲೂ ಮೀನು ತಿರುಗಿ ನೋಡದು. ನಿಜವಾದ ನೊಣವನ್ನು ಯಾರೂ ದಾರ ಕಟ್ಟಿ ಎಳೆಯುವುದಿಲ್ಲವೆಂಬುದು ಅದಕ್ಕೆ ಚೆನ್ನಾಗಿ ಗೊತ್ತು.

ಯೂರೋಪು ಅಮೆರಿಕಗಳಲ್ಲಿ ಈ ಬೇಟೆಯ ನಾಯಕ ಟ್ರೌಟ್ ಮೀನು. ತಣ್ಣೀರಿನ ಜೀವಿಯಾದ ಅದು ದಕ್ಷಿಣದ ಬಯಲುನದಿಗಳ ಬಿಸಿಯನ್ನು ತಾಳಲಾರದು. ನೀಲಗಿರಿಯ ಎತ್ತರದ ತೊರೆಗಳಲ್ಲಿ ಅದನ್ನು ನೆಲೆಗೊಳಿಸಲು ೧೮೬೦ರ ದಶಕದಲ್ಲಿ ಫ್ರಾನ್ಸಿಸ್ ಡೇ ಮಾಡಿದ ಯತ್ನ ಫಲಿಸಲಿಲ್ಲ. ೨೦ನೆಯ ಶತಮಾನದ ಆರಂಭದಲ್ಲಿ ವಿಲ್ಸನ್ ಎಂಬಾತನ ಶ್ರಮದಿಂದ ಅಲ್ಲಿ ಅದು ಬೇರೂರಿತು. ಆದರೆ ಕನ್ನಡನಾಡಿಗೆ ಹೊರಗಿನಿಂದ ಅರಸನನ್ನು ತರಬೇಕಾದ ಅಗತ್ಯವಿರಲಿಲ್ಲ. ಇಲ್ಲಿನ ನದಿಗಳಲ್ಲಿ ಮಹಶೀರ್ ಎಂಬ ಮಹಾಮೀನು ಮೊದಲಿನಿಂದಲೂ ಇದ್ದಿತು. ಬಿಳಿಮೀನು ಎಂಬ ಹೆಸರೂ ಅದಕ್ಕುಂಟು.

ಮೀನಿನ ಕಿಟಕಿ

ಮಹಶೀರ್ ಏಕೆ ಅಷ್ಟು ಸುಲಭವಾಗಿ ಕೈಗೆ ಸಿಗದು? ಉತ್ತರ ಅರ್ಧ ಅದರ ಕಣ್ಣಿನಲ್ಲಿದೆ, ಅರ್ಧ ನೀರಿನಲ್ಲಿದೆ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುವುದೆಂದು ಶಾಲೆಯಲ್ಲಿ ಕಲಿತದ್ದು ವಾಚಕರ ನೆನಪಿನಲ್ಲಿರಬಹುದು. ಹಾಗೆ ಬಾಗುವುದರಿಂದ ನೀರಿನೊಳಗಿನ ಮೀನಿಗೆ ಹೊರಗಿನ ಇಡೀ ಲೋಕವು ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ಆ ಕಿಟಕಿಯ ಹರವು ಸುಮಾರು ೯೭ ಅಂಶ. ಒಂದು ಮೀಟರ್ ಆಳದಲ್ಲಿರುವ ಮೀನಿಗೆ ಅದು ಸುಮಾರು ಎರಡೂಕಾಲು ಮೀಟರ್ ಅಡ್ಡಗಲದ ವೃತ್ತ. ಅದರಾಚೆಗೆ ನೀರಿನ ಮೇಲ್ಮೈ ಕನ್ನಡಿಯಾಗಿ ಹೊಳೆಯ ತಳವನ್ನೇ ಪ್ರತಿಬಿಂಬಿಸುತ್ತದೆ.

ಆ ದುಂಡು ಕಿಟಕಿಯ ಅಂಚಿನಲ್ಲಿ ದಡದ ಮರ, ಬಂಡೆ, ಮನುಷ್ಯ ಎಲ್ಲವೂ ಅಡಕವಾಗಿ, ಚಪ್ಪಟೆಯಾಗಿ ಕಾಣುತ್ತವೆ. ದಡದಲ್ಲಿ ನೆಟ್ಟಗೆ ನಿಂತವನು ಮೀನಿನ ಆಕಾಶದಲ್ಲಿ ಮೂಡುತ್ತಾನೆ. ದೂರದಲ್ಲಿ ನೆಲಕ್ಕಂಟಿ ಕುಳಿತವನು ಅಂಚಿನಲ್ಲಿ ಕರಗಿ ಕಾಣದಂತಾಗುತ್ತಾನೆ. ಆದ್ದರಿಂದಲೇ ಅನುಭವಿಗಳಾದ ಬೇಟೆಗಾರರು ಹೊಳೆಯ ದಡವನ್ನು ಬಾಗಿ, ಕೆಲವು ವೇಳೆ ತೆವಳಿ ಸೇರುವರು. ಮೀನು ಸಾಮಾನ್ಯವಾಗಿ ಸೆಳೆತಕ್ಕೆ ಎದುರಾಗಿ ಮುಖ ಮಾಡಿ ನಿಲ್ಲುವುದರಿಂದ ಹರಿವಿನ ಕೆಳಗಡೆಯಿಂದ, ಅದರ ಬೆನ್ನ ಹಿಂದಿನಿಂದ ಸಮೀಪಿಸುವರು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಂತರೆ ತಮ್ಮ ನೆರಳೇ ತಮಗೆ ವೈರಿಯೆಂದು ಅವರು ಬಲ್ಲರು.

ಕಣ್ಣನ್ನು ವಂಚಿಸಿದರೂ ಮುಗಿಯಲಿಲ್ಲ. ಮೀನಿನ ಎರಡೂ ಪಕ್ಕಗಳಲ್ಲಿ ಕಿವಿರಿನಿಂದ ಬಾಲದವರೆಗೆ ಸೂಕ್ಷ್ಮವಾದ ಗೆರೆಯೊಂದು ಹಾದುಹೋಗಿರುತ್ತದೆ. ನೀರಿನ ಅಲುಗಾಟವನ್ನು ಅರಿಯುವ ಇಂದ್ರಿಯ ಅದು. ಬಂಡೆಯ ಮೇಲೆ ಬೂಟು ತಗುಲಿದ ಸದ್ದು, ಹರಿಗೋಲಿಗೆ ಹುಟ್ಟು ಬಡಿದ ಸದ್ದು ನೀರಿನಲ್ಲಿ ಗಾಳಿಯಲ್ಲಿಗಿಂತ ನಾಲ್ಕು ಪಟ್ಟು ಹೆಚ್ಚು ವೇಗದಿಂದ ಸಾಗಿ ಮಡುವಿನ ತಳವನ್ನು ಮುಟ್ಟುವುದು. ಮಾತನಾಡಿದರೆ ಮೀನು ಓಡುವುದೆಂಬುದು ಅಷ್ಟು ನಿಜವಲ್ಲ. ಗಾಳಿಯ ಮಾತು ನೀರಿಗಿಳಿಯುವುದು ಅತ್ಯಲ್ಪ. ಕಾಲು ಜಾರಿ ಕಲ್ಲು ಉರುಳಿದರೆ ಮಾತ್ರ ಆ ದಿನದ ಬೇಟೆ ಮುಗಿದಂತೆಯೇ ಸರಿ.

ಕಾವೇರಿಯ ಕಮರಿ

ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕಿದ ಕಾವೇರಿಯು ಅಲ್ಲಿಂದ ಮುಂದೆ ಬೆಟ್ಟಗಳ ನಡುವೆ ದಾರಿ ಬಿಡಿಸಿಕೊಂಡು ಸಾಗುತ್ತದೆ. ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಗಳನ್ನು ಹಾದು, ಅರ್ಕಾವತಿಯನ್ನು ಕೂಡಿಕೊಂಡು, ಮೇಕೆದಾಟಿನಲ್ಲಿ ಬಂಡೆಗಳ ಇಕ್ಕಟ್ಟಿಗೆ ಸಿಕ್ಕಿ ಬುಸುಗುಟ್ಟುತ್ತದೆ. ಒಮ್ಮೆ ಕೊರಕಲು, ಒಮ್ಮೆ ಆಳವಾದ ಮಡು; ದಡದಲ್ಲಿ ಮತ್ತಿ, ಹುಣಿಸೆ, ಅತ್ತಿ ಮರಗಳು; ಬಂಡೆಯ ಮೇಲೆ ಬಾಯ್ದೆರೆದ ಮೊಸಳೆ; ಸಂಜೆಗೆ ನೀರು ಕುಡಿಯಲು ಇಳಿಯುವ ಆನೆ. ಮಳೆಗಾಲದ ಕೆನ್ನೀರು ಇಳಿದು ಚಳಿಗಾಲ ಕಳೆಯುವ ಹೊತ್ತಿಗೆ ನೀರು ತಿಳಿಯಾಗುತ್ತದೆ. ಹಿಂದಿನ ಬೇಟೆಗಾರರಿಗೆ ಅದೇ ಸುಗ್ಗಿ.

ಈ ಮಡುಗಳ ಅರಸ ಬೆನ್ನುಗೂನಿನ ಮಹಶೀರ್. ತಲೆಯ ಹಿಂದೆ ಎದ್ದು ಕಾಣುವ ಗೂನು, ಹೊಂಬಣ್ಣದ ಮೈ, ಅಂಗೈಯಗಲದ ಹುರುಪೆ, ತೊಗಲಿನಂತೆ ದಪ್ಪನಾದ ತುಟಿ. ಬಾಯಲ್ಲಿ ಹಲ್ಲಿಲ್ಲ, ಗಂಟಲಿನೊಳಗೆ ಇರುವ ಹಲ್ಲುಗಳಿಂದ ಏಡಿಯ ಚಿಪ್ಪನ್ನೂ ಪುಡಿ ಮಾಡಬಲ್ಲುದು. ಹುಳು, ಮರಿಮೀನು, ಮರದಿಂದುದುರಿದ ಅತ್ತಿಹಣ್ಣು, ಯಾವುದನ್ನೂ ಅದು ಬೇಡವೆನ್ನದು. ೧೯೪೬ರ ಮಾರ್ಚ್ ೨೨ರಂದು ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು ೧೨೦ ಪೌಂಡು ತೂಗಿತು. ಅಂದರೆ ಸುಮಾರು ೫೪ ಕಿಲೊ. ಬೇಟೆಯ ಪ್ರಾಣಿಗಳ ಚರ್ಮಕ್ಕೆ ಜೀವಕಳೆ ತುಂಬುವ ಕಸುಬಿನಲ್ಲಿ ಆ ಮನೆತನ ಲೋಕಪ್ರಸಿದ್ಧ. ಅಷ್ಟು ದೊಡ್ಡ ಮಹಶೀರ್ ಅದಕ್ಕೂ ಮುಂಚೆ ಯಾರ ಗಾಳಕ್ಕೂ ಬಿದ್ದುದು ದಾಖಲೆಯಲ್ಲಿಲ್ಲ.

ಇಂತಹ ಮೀನಿಗೆ ಗರಿಯ ನೊಣ ಸಾಲದೆಂದು ಅನೇಕರ ಮತ. ಮರಿಗಳು ಹುಸಿನೊಣಕ್ಕೂ ಮೋಸಹೋಗುವುದುಂಟು. ಮಿನುಗುವ ಲೋಹದ ಚಮಚಕ್ಕೂ ಬೀಳುವುದುಂಟು. ಆದರೆ ಕಾವೇರಿಯ ಹಿರಿಯ ಮೀನನ್ನು ಮೇಲೆ ತಂದ ತಿನಿಸು ಯಾವುದೆಂದರೆ ನಮ್ಮ ರಾಗಿಮುದ್ದೆ! ಹದವಾಗಿ ಕಲಸಿ, ಘಮಘಮಿಸುವ ಮಸಾಲೆ ಸೇರಿಸಿ, ಬೇಯಿಸಿ ಗಟ್ಟಿ ಮಾಡಿದ ಉಂಡೆ. ದಡದ ಹಳ್ಳಿಗಳ ಬೇಟೆಯ ಸಂಗಾತಿಗಳು ಒಬ್ಬೊಬ್ಬರೂ ತಮ್ಮ ತಮ್ಮ ಪಾಕವನ್ನು ಗುಟ್ಟಾಗಿ ಕಾಪಾಡುತ್ತಿದ್ದರು. ಸಾವಿರಾರು ಮೈಲು ದೂರದಿಂದ, ಬೆಲೆಬಾಳುವ ಕೋಲು ರಾಟೆಗಳನ್ನು ಹೊತ್ತು ಬಂದ ಪರದೇಶದ ಸಾಹೇಬರು ಕೊನೆಗೆ ಒಕ್ಕಲಿಗನ ಮನೆಯ ಮುದ್ದೆಗೆ ಶರಣಾಗಬೇಕಾಯಿತು. ಯಾವ ಮೀನಿಗೆ ಯಾವ ತಿನಿಸೆಂದು ಮೊದಲು ಅರಿಯಬೇಕೆಂದ ಸೋಮೇಶ್ವರನ ಶಾಸ್ತ್ರ ಸುಳ್ಳಾಗಲಿಲ್ಲ.

ಮುದ್ದೆ ನುಂಗಿದ ಮೇಲಿನ ಕಥೆ ಇನ್ನೂ ರೋಮಾಂಚಕಾರಿ. ಮೊದಲು ದಾರ ಮೆಲ್ಲಗೆ ಕಂಪಿಸುತ್ತದೆ. ಆಮೇಲೆ ಒಮ್ಮೆಲೇ ಎಳೆತ! ರಾಟೆ ಕಿರ್ರೆಂದು ಕೂಗುತ್ತದೆ. ನೂರು ಗಜ ದಾರ ಕ್ಷಣಾರ್ಧದಲ್ಲಿ ಬಿಚ್ಚಿಹೋಗುತ್ತದೆ. ಮೀನು ಕೊರಕಲಿನ ಕಡೆಗೆ ನುಗ್ಗಿ ಬಂಡೆಯ ಮೊನೆಗೆ ದಾರವನ್ನು ಉಜ್ಜಿ ಹರಿಯಲು ನೋಡುತ್ತದೆ. ಬೇಟೆಗಾರನು ಹರಿಗೋಲಿಗೆ ಹಾರಿ, ಸುಳಿಗಳ ನಡುವೆ ತಿರುಗುತ್ತ ಅದರ ಹಿಂದೆ ಸಾಗಬೇಕು. ಹುಟ್ಟು ಹಾಕುವ ಅಂಬಿಗನ ಜಾಣ್ಮೆಯೇ ಆಗ ಇಬ್ಬರ ಪ್ರಾಣಕ್ಕೂ ಆಧಾರ.

ಹಿಡಿದುಬಿಡುವ ಬೇಟೆ

ಮಹಶೀರ್ ಬೇಟೆಯ ಕೀರ್ತಿಯನ್ನು ಹರಡಿದವರಲ್ಲಿ ಮೊದಲಿಗನು ಹೆನ್ರಿ ಸಲಿವನ್ ಥಾಮಸ್. ಮದ್ರಾಸು ಸರಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಸೇವೆ ಸಲ್ಲಿಸಿದ ಆತನ ‘ದಿ ರಾಡ್ ಇನ್ ಇಂಡಿಯ’ ಎಂಬ ಪುಸ್ತಕ ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಬಿಳಿಯ ಅಧಿಕಾರಿಗಳು ದೇಶ ಬಿಟ್ಟ ಮೇಲೆ ಕೆಲವು ಕಾಲ ಲೋಕದ ಬೇಟೆಗಾರರು ಕಾವೇರಿಯನ್ನು ಮರೆತರು. ಮಹಶೀರ್ ಅಳಿದೇಹೋಯಿತೆಂದು ನಂಬಿದವರೂ ಇದ್ದರು. ೧೯೭೭–೭೮ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ತರುಣರು ದೊಡ್ಡ ಮೀನುಗಳು ಇನ್ನೂ ಉಂಟೆಂದು ತೋರಿಸಿಕೊಟ್ಟರು. ಮತ್ತೆ ನಾಲ್ಕು ದಿಕ್ಕಿನಿಂದ ಜನ ಬರತೊಡಗಿದರು.

ಅಷ್ಟರಲ್ಲಿ ನದಿಗೆ ಬೇರೊಂದು ಕಂಟಕ ಬಂದಿತ್ತು. ಸಿಡಿಮದ್ದು ಎಸೆದು ಮಡುವಿಗೆ ಮಡುವನ್ನೇ ಕೊಲ್ಲುವ ದುರಾಸೆ ಅದು. ಒಂದು ಸಿಡಿತಕ್ಕೆ ಹಿರಿಮೀನೂ ಸತ್ತಿತು, ಮರಿಯೂ ಸತ್ತಿತು. ತೇಲಿದ್ದು ಸ್ವಲ್ಪ, ಮುಳುಗಿದ್ದು ಬಹಳ. ೧೯೭೨ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತದ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ವಹಿಸಿಕೊಂಡು ಕಾವಲು ಹಾಕಿತು. ೧೯೮೦ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಸಂಸ್ಥೆಯು ಭೀಮೇಶ್ವರಿಯಲ್ಲಿಯೂ ಮುಂದೆ ಗಾಳಿಬೋರೆ ಮೊದಲಾದೆಡೆಗಳಲ್ಲಿಯೂ ಬಿಡಾರಗಳನ್ನು ತೆರೆಯಿತು. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಈಗ ಸಂಬಳದ ಕಾವಲುಗಾರರೂ ಬೇಟೆಯ ಸಂಗಾತಿಗಳೂ ಆದರು. ಮೀನಿನ ಹಾದಿಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರು?

ಬಿಡಾರದ ಕಟ್ಟಳೆ ಒಂದೇ: ಹಿಡಿದ ಮೀನನ್ನು ಜೀವಸಹಿತ ಹೊಳೆಗೆ ಬಿಡಬೇಕು. ಒಣಗಿದ ಕೈಯಿಂದ ಮುಟ್ಟಿದರೆ ಮೀನಿನ ಮೈಯ ಲೋಳೆ ಹೋಗಿ ರೋಗ ತಗುಲುವುದರಿಂದ ಕೈಯನ್ನು ನೆನೆಸಿಕೊಂಡು ಹಿಡಿಯಬೇಕು. ತೂಗಿ, ಪುಸ್ತಕದಲ್ಲಿ ಬರೆದು, ಸೆಳೆತಕ್ಕೆ ಎದುರಾಗಿ ಹಿಡಿದು, ಅದು ಉಸಿರು ತಂದುಕೊಂಡು ತಾನಾಗಿ ಕೈಯಿಂದ ಜಾರುವವರೆಗೆ ಕಾಯಬೇಕು. ಒಂದು ತಾಸು ಹೋರಾಡಿ ಗೆದ್ದವನು ಕೊನೆಗೆ ಸೊಂಟದ ಮಟ್ಟ ನೀರಿನಲ್ಲಿ ನಿಂತು, ಮಗುವಿಗೆ ನಡೆ ಕಲಿಸುವ ತಾಯಿಯಂತೆ, ಸೋತವನನ್ನು ಸಂತೈಸುವ ದೃಶ್ಯ ವಿಚಿತ್ರವಾದರೂ ಚೆಲುವಾದುದು.

ಲೆಕ್ಕದ ಪುಸ್ತಕ ನುಡಿದ ಸತ್ಯ

ಈ ಬರೆದಿಡುವ ಅಭ್ಯಾಸವೇ ಮುಂದೆ ಒಂದು ಕಹಿ ಸತ್ಯವನ್ನು ಹೊರಗೆಡಹಿತು. ಗಾಳಿಬೋರೆಯ ಬಿಡಾರದಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದ ಲೆಕ್ಕವನ್ನು ಇಂಗ್ಲೆಂಡಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿದರು. ೨೩,೦೦೦ಕ್ಕೂ ಹೆಚ್ಚು ತಾಸುಗಳ ಬೇಟೆ, ೬,೦೦೦ಕ್ಕೂ ಮಿಕ್ಕ ಮೀನುಗಳು. ಮೊದಲ ನೋಟಕ್ಕೆ ಸಂತೋಷವೇ. ವರ್ಷ ವರ್ಷಕ್ಕೆ ಹೆಚ್ಚು ಹೆಚ್ಚು ಮೀನು ಸಿಕ್ಕುತ್ತ ಹೋಗಿದ್ದವು. ಕಾವಲು ಫಲಕೊಟ್ಟಿತೆಂದು ಯಾರಾದರೂ ಹಿಗ್ಗುವಂತಿತ್ತು.

ಆದರೆ ಸಿಕ್ಕಿದ ಮೀನುಗಳಲ್ಲಿ ಎರಡು ಬಗೆಯಿದ್ದವು. ಒಂದು ಹೊಂಬಣ್ಣದ, ಬೆನ್ನುಗೂನಿನ ಹಳೆಯ ಅರಸ. ಇನ್ನೊಂದು ಬೆಳ್ಳಿಮೈಯ, ನೀಲಿ ಈಜುರೆಕ್ಕೆಯ ಮಹಶೀರ್. ಏರುತ್ತಿದ್ದುದು ನೀಲಿರೆಕ್ಕೆಯ ಸಂಖ್ಯೆ ಮಾತ್ರ. ಬೆನ್ನುಗೂನಿನ ಮೀನು ವರ್ಷ ವರ್ಷಕ್ಕೆ ವಿರಳವಾಗುತ್ತ ಬಂದಿತ್ತು. ಅಷ್ಟೇ ಅಲ್ಲ, ಸಿಕ್ಕಿದ ಕೆಲವು ಹೆಚ್ಚು ಹೆಚ್ಚು ದೊಡ್ಡವಾಗುತ್ತ ಹೋಗಿದ್ದವು. ದೊಡ್ಡ ಮೀನು ಸಿಕ್ಕಿತೆಂದು ಬೇಟೆಗಾರನು ಹಿಗ್ಗಿದರೂ ವಿಜ್ಞಾನಿಗೆ ಅದು ಅಪಶಕುನ. ಮನೆಯಲ್ಲಿ ಮುದುಕರಷ್ಟೇ ಉಳಿದು, ತೊಟ್ಟಿಲು ತೂಗುವ ಸದ್ದೇ ಕೇಳದಿದ್ದರೆ ಆ ಮನೆತನದ ಗತಿಯೇನು?

ನೀಲಿರೆಕ್ಕೆಯ ಮೀನು ಕಾವೇರಿಗೆ ಬಂದುದು ಹೇಗೆ? ಮನುಷ್ಯನೇ ತಂದುಬಿಟ್ಟುದು. ಮಹಶೀರ್ ಅಳಿಯುತ್ತಿದೆಯೆಂಬ ಕಳವಳದಿಂದ, ಒಳ್ಳೆಯ ಮನಸ್ಸಿನಿಂದಲೇ, ಮಹಾರಾಷ್ಟ್ರದ ಲೋನಾವಳಾದಲ್ಲಿ ಸಾಕಿದ ಮರಿಗಳನ್ನು ೧೯೭೦ರ ದಶಕದಿಂದೀಚೆಗೆ ದೇಶದ ಬೇರೆ ಬೇರೆ ನದಿಗಳಿಗೆ ಬಿಡಲಾಯಿತು, ಕಾವೇರಿಗೂ ಬಿಡಲಾಯಿತು. ಎಲ್ಲವೂ ಮಹಶೀರ್ ತಾನೇ ಎಂಬುದು ಅಂದಿನ ಎಣಿಕೆ. ಆ ಮರಿಗಳು ಕೃಷ್ಣೆಯ ಕೊಳ್ಳದ ಸಂತತಿ. ವರದೆ, ಕುಮುದ್ವತಿ, ತುಂಗಭದ್ರೆಗಳೂ ಸೇರಿರುವುದು ಆ ಕೊಳ್ಳಕ್ಕೇ. ಹೀಗೆ ನಮ್ಮ ಕಡೆಯ ನೀರಿನ ಮೀನು ಕಾವೇರಿಗೆ ಅತಿಥಿಯಾಗಿ ಹೋಗಿ ಯಜಮಾನನ ಮಂಚವನ್ನೇ ಏರಿತು. ಅತಿಥಿಯೊಬ್ಬನದೇ ತಪ್ಪೆಂದು ಹೇಳುವಂತಿಲ್ಲ. ಅಣೆಕಟ್ಟುಗಳು ಮೀನಿನ ಹಾದಿ ಕಡಿದವು. ಮರಳು ತೆಗೆದು ಮೊಟ್ಟೆಯಿಡುವ ಹಾಸನ್ನು ಕೆಡಿಸಿದರು. ಸಿಡಿಮದ್ದಂತೂ ಇದ್ದೇ ಇತ್ತು. ಆದರೆ ಒಂದು ಏರಿದುದು, ಇನ್ನೊಂದು ಇಳಿದುದು ಒಂದೇ ಕಾಲದಲ್ಲಿ ಎಂಬುದನ್ನು ಲೆಕ್ಕದ ಪುಸ್ತಕ ಮರೆಮಾಚಲಿಲ್ಲ.

ಹೆಸರಿಲ್ಲದ ಅರಸ

ಇದರಲ್ಲಿ ಇನ್ನೊಂದು ವಿಪರ್ಯಾಸವುಂಟು. ನೂರನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ಇಷ್ಟೊಂದು ಜನ ಬೆನ್ನಟ್ಟಿದ ಈ ಮೀನಿಗೆ ವಿಜ್ಞಾನದಲ್ಲಿ ನಿಶ್ಚಿತವಾದ ಹೆಸರೇ ಇರಲಿಲ್ಲ! ಹೆಸರಿಲ್ಲದ ಜೀವಿಗೆ ಅಳಿವಿನಂಚಿನ ಪಟ್ಟಿಯಲ್ಲಿ ಸ್ಥಾನವಿಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ರಕ್ಷಣೆಯೂ ಕಷ್ಟ. ಕಾವೇರಿಯ ಮುಖ್ಯ ಹರಿವಿನಲ್ಲಿ ಮೀನು ದುರ್ಲಭವಾದುದರಿಂದ ವಿಜ್ಞಾನಿಗಳು ಅದರ ಉಪನದಿಗಳ ಕಡೆಗೆ ತಿರುಗಿದರು. ನೀಲಗಿರಿಯ ತಪ್ಪಲಲ್ಲಿ ಆಳವಾದ ಕಂದರವನ್ನು ಕೊರೆದುಕೊಂಡು, ಬಂಡೀಪುರದ ಕಾಡಿನ ಅಂಚನ್ನು ಸವರಿ ಹರಿಯುವ ಮೋಯಾರ್ ನದಿಯಲ್ಲಿ ಬೆನ್ನುಗೂನಿನ ಮೀನು ಇನ್ನೂ ಉಳಿದಿತ್ತು. ಅದರ ಮೈಕಟ್ಟು, ವಂಶವಾಹಿಗಳನ್ನು ಪರೀಕ್ಷಿಸಿದಾಗ, ಕೇರಳದ ಪಾಂಬಾರ್ ನದಿಯಲ್ಲಿ ಸಿಕ್ಕಿದ್ದ ಎಳೆಯ ಮೀನುಗಳಿಗೆ ಹಿಂದೆಯೇ ಇಡಲಾಗಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರು ಇದಕ್ಕೇ ಸಲ್ಲುವುದೆಂದು ೨೦೧೮ರಲ್ಲಿ ಸ್ಥಿರಪಟ್ಟಿತು. ಮೀನುಗಳ ಅಧ್ಯಯನದಲ್ಲಿ ಬಾಳು ಸವೆಸಿದ ವಿಜ್ಞಾನಿ ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಮೀನನ್ನು ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು. ನಾಮಕರಣವೂ ಗಂಡಾಂತರದ ಸಾರಿಕೆಯೂ ಒಂದೇ ವರ್ಷ!

ಅಷ್ಟರಲ್ಲಿ ಗಾಳವೂ ನಿಂತುಹೋಗಿತ್ತು. ೧೯೮೭ರಲ್ಲಿ ಈ ಪ್ರದೇಶವನ್ನು ಕಾವೇರಿ ವನ್ಯಜೀವಿ ಧಾಮವೆಂದು ಸಾರಲಾಗಿತ್ತು. ಹಿಡಿದುಬಿಡುವುದಾದರೂ ಅದು ಬೇಟೆಯೇ ಅಲ್ಲವೆ, ಧಾಮದೊಳಗೆ ಬೇಟೆಗೆ ಅವಕಾಶವಿದೆಯೆ ಎಂಬ ಪ್ರಶ್ನೆ ಎದ್ದು, ೨೦೧೨ರ ಹೊತ್ತಿಗೆ ಅಲ್ಲಿ ಗಾಳ ಹಾಕುವುದು ನಿಂತಿತು. ವಿನೋದಕ್ಕಾಗಿ ಮೂಕಪ್ರಾಣಿಯನ್ನು ನೋಯಿಸುವುದು ಸಲ್ಲದೆಂಬ ವಾದಕ್ಕೆ ಬಲವುಂಟು. ಬೇಟೆಗಾರರು ಹೋದ ಮೇಲೆ ಹೊಳೆಯ ಕಾವಲಿಗೆ ಯಾರು ದುಡ್ಡು ಕೊಡಬೇಕು, ಮೀನಿನ ಲೆಕ್ಕವನ್ನು ಯಾರು ಬರೆಯಬೇಕು ಎಂಬ ಪ್ರಶ್ನೆಯೂ ಹುರುಳಿಲ್ಲದ್ದಲ್ಲ. ಮೇಕೆದಾಟಿನಲ್ಲಿ ಅಣೆಕಟ್ಟು ಕಟ್ಟುವ ಯೋಜನೆಯಂತೂ ಬಹುಕಾಲದಿಂದ ಚರ್ಚೆಯಲ್ಲಿದೆ. ನಗರಗಳ ಬಾಯಾರಿಕೆಯನ್ನೂ ಮಡುವಿನ ಮೀನನ್ನೂ ಒಂದೇ ತಕ್ಕಡಿಯಲ್ಲಿ ತೂಗುವಾಗ ಮೀನಿನ ಕಡೆಗೆ ಮಾತನಾಡುವವರು ಸಹಜವಾಗಿ ಕಡಮೆ.

ಅದಕ್ಕೆ ಪ್ರತಿಯಾಗಿ ಶೃಂಗೇರಿಯ ಸೋಪಾನಗಳನ್ನು ನೆನೆದರೆ ಮನಸ್ಸಿಗೆ ಸಮಾಧಾನ. ಅಲ್ಲಿ ತುಂಗೆಯ ನೀರಿನಲ್ಲಿ ಮಹಶೀರ್ ಮೊದಲಾದ ಮೀನುಗಳು ಹಿಂಡುಹಿಂಡಾಗಿ ಮೆಟ್ಟಿಲ ಬಳಿಗೆ ಬಂದು, ಯಾತ್ರಿಕರ ಮಕ್ಕಳು ಚೆಲ್ಲುವ ಮಂಡಕ್ಕಿಯನ್ನು ಬಾಯ್ದೆರೆದು ನುಂಗುತ್ತವೆ. ಕಾವೇರಿಯ ರಾಮನಾಥಪುರದಲ್ಲಿಯೂ ಶಿಶಿಲದಲ್ಲಿಯೂ ಇದೇ ನೋಟ. ಕಮರಿಯಲ್ಲಿ ನೆರಳು ಕಂಡರೆ ಮಾಯವಾಗುವ ಕುಲದ ಮೀನು ಇಲ್ಲಿ ನೆರಳನ್ನು ಕಂಡರೆ ಓಡಿಬರುತ್ತದೆ. ಕಣ್ಣು ಅದೇ, ಕಿಟಕಿ ಅದೇ. ಆ ಕಿಟಕಿಯಲ್ಲಿ ಕಾಣುವ ಮನುಷ್ಯನು ಏನು ಮಾಡುವನೆಂಬ ಅನುಭವ ಮಾತ್ರ ಬೇರೆ. ಅಂಜಿಕೆಯನ್ನು ಕಲಿಸಿದವರೂ ನಾವೇ, ನಂಬಿಕೆಯನ್ನು ಕಲಿಸಿದವರೂ ನಾವೇ.

ಶೃಂಗೇರಿಯ ಮೆಟ್ಟಿಲನ್ನು ತೊಳೆದ ನೀರು ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ತುಂಗಭದ್ರೆಯಾಗಿ ನಮ್ಮ ಜಿಲ್ಲೆಯ ಅಂಚನ್ನು ಮುಟ್ಟಿ ಗಳಗನಾಥಕ್ಕೆ ಬರುತ್ತದೆ. ಇಕ್ಕೇರಿಯ ಬಳಿ ಹುಟ್ಟಿದ ವರದೆ ಹಾನಗಲ್ಲು, ಸವಣೂರು ಸೀಮೆಗಳನ್ನು ಬಳಸಿ ಬಂದು ಅಲ್ಲಿಯೇ ಅದನ್ನು ಸೇರುತ್ತದೆ. ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ ಆ ಸಂಗಮವನ್ನು ನೋಡುತ್ತ ನಿಂತಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಗುಡಿಯ ದರ್ಶನ ಮುಗಿಸಿ, ನೀರು ತಿಳಿಯಾಗಿರುವ ಕಾಲವಾದರೆ, ದಡದಿಂದ 잠ಷ್ಟು ದೂರದಲ್ಲಿ ಬಾಗಿ ಕುಳಿತು ಒಂದು ಹಿಡಿ ಮಂಡಕ್ಕಿಯನ್ನು ಹೊಳೆಗೆ ಚೆಲ್ಲಿ ನೋಡಬಹುದು. ಮಕ್ಕಳು ಸದ್ದು ಮಾಡದೆ ಕಾದರೆ, ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಒಂದು ಸಣ್ಣ ಉಂಗುರ ಮೂಡೀತು.